ಅಯಾನಿಕ ದ್ರವದ ಪೊರೆ ಮತ್ತು ಬಯಲುಸೀಮೆಯ ಅನಿಲ
(ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸವೆಂದರೆ ನಮ್ಮಲ್ಲಿ ಬಹುಮಟ್ಟಿಗೆ ಸಾಹಿತ್ಯದ್ದೋ ಇತಿಹಾಸದ್ದೋ ಆಗಿರುತ್ತದೆ. ರಸಾಯನ ವಿಜ್ಞಾನದ ಒಂದು ಸಣ್ಣ ಸಂಗತಿಯನ್ನು, ಅದೂ ಪ್ರಯೋಗಾಲಯದಲ್ಲಿ ಇನ್ನೂ ಮಾಗುತ್ತಿರುವ ಸಂಗತಿಯನ್ನು, ಕನ್ನಡದಲ್ಲಿ ನಿಧಾನವಾಗಿ ಬಿಡಿಸಿ ಹೇಳಲು ನೀವು ಅವಕಾಶ ಕೊಟ್ಟಿದ್ದೀರಿ.

ವಿಷಯ ಇಷ್ಟು. ಸಾಮಾನ್ಯ ಉಷ್ಣತೆಯಲ್ಲೇ ದ್ರವವಾಗಿರುವ ಕೆಲವು ಲವಣಗಳಿವೆ. ಇವನ್ನು ಅಯಾನಿಕ ದ್ರವಗಳೆನ್ನುತ್ತೇವೆ. ಇಂಥ ದ್ರವವನ್ನು ತೆಳುವಾದ ಪೊರೆಯಲ್ಲಿ ಹಿಡಿದಿಟ್ಟು, ಬೆರೆತ ಅನಿಲಗಳಲ್ಲಿ ಒಂದನ್ನು ಮಾತ್ರ ಬೇಗ ದಾಟಿಸಬಹುದು. ಇಂದು ನಾಲ್ಕು ಮಾತುಗಳಿವೆ. ಮೊದಲನೆಯದು, ಬೇರ್ಪಡಿಸಬೇಕಾದ ಅನಿಲಗಳು ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಎಲ್ಲಿವೆ ಎಂಬುದು. ಎರಡನೆಯದು, ಬೇರ್ಪಡಿಸಲು ಏಕೆ ಇಷ್ಟು ಖರ್ಚಾಗುತ್ತದೆ ಎಂಬುದು. ಮೂರನೆಯದು ದ್ರವ ಮತ್ತು ಪೊರೆಯ ಕೆಲಸ. ಹೆಚ್ಚು ಹೊತ್ತು ಅಲ್ಲಿಯೇ ನಿಲ್ಲುತ್ತೇನೆ. ಕೊನೆಯದು ಈ ಪೊರೆಗಳ ಕೊರತೆಗಳು ಮತ್ತು ನಮ್ಮ ಕಾಲೇಜುಗಳು ಕೈಹಾಕಬಹುದಾದ ಕೆಲಸ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಂಥ ಪೊರೆ ನಮ್ಮ ಸೀಮೆಗೆ ಮೊದಲು ಉಪಯೋಗಕ್ಕೆ ಬರುವುದಾದರೆ ಅದು ದೊಡ್ಡ ಕಾರ್ಖಾನೆಯ ಚಿಮಣಿಯ ಮೇಲಲ್ಲ, ಹಳ್ಳಿಯ ಗೋಬರ್ ಗ್ಯಾಸ್ ಗುಂಡಿಯ ಪಕ್ಕದಲ್ಲಿ.

ಮೊದಲು ನಮ್ಮ ಅನಿಲಗಳು.

ಚಿತ್ರದುರ್ಗದ ಶಿಲಾಪಟ್ಟಿ ಭೂವಿಜ್ಞಾನಿಗಳಿಗೆ ಪ್ರಪಂಚದಾದ್ಯಂತ ಪರಿಚಿತ. ಅದರ ಒಂದು ಪದರಕ್ಕೆ ಅವರು ನಮ್ಮ ವಾಣಿವಿಲಾಸ ಸಾಗರದ ಹೆಸರನ್ನೇ ಇಟ್ಟಿದ್ದಾರೆ. ಆ ಪದರದಲ್ಲಿ ಸುಣ್ಣಕಲ್ಲು ಇದೆ, ಡಾಲೊಮೈಟ್ ಇದೆ, ಮ್ಯಾಂಗನೀಸ್ ಇದೆ. ಭೀಮಸಮುದ್ರದ ಬಳಿ ಮತ್ತು ಆ ಸಾಗರದ ಕಟ್ಟೆ ಇರುವ ಮಾರಿಕಣಿವೆಯ ಬಳಿ ಈ ಸುಣ್ಣಕಲ್ಲಿನಲ್ಲಿ ಅಲೆಅಲೆಯಾದ ತೆಳು ಪದರಗಳು ಕಾಣುತ್ತವೆ. ಅವು ಸ್ಟ್ರೊಮ್ಯಾಟೊಲೈಟ್‌ಗಳು: ಸುಮಾರು 260 ಕೋಟಿ ವರ್ಷಗಳ ಹಿಂದೆ, ಇಲ್ಲಿ ಆಳವಿಲ್ಲದ ಕಡಲು ನಿಂತಿದ್ದ ಕಾಲದಲ್ಲಿ, ಸೂಕ್ಷ್ಮಜೀವಿಗಳ ಹಾಸುಗಳು ಪದರದ ಮೇಲೆ ಪದರವಾಗಿ ಬಿಟ್ಟುಹೋದ ಗುರುತು. ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಬದುಕಿದ ಆ ಜೀವಿಗಳ ಸುತ್ತ ಸುಣ್ಣ ಕೂತು ಕಲ್ಲಾಯಿತು. ಅಣೆಕಟ್ಟೆ ನೋಡಲು ಹೋದಾಗ ಕಟ್ಟೆಯ ಮೇಲಷ್ಟೇ ನಿಂತು ಬರಬೇಡಿ, ಸುತ್ತಲಿನ ಬಂಡೆಗಳನ್ನೂ ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಸುಣ್ಣಕಲ್ಲನ್ನು ಸುಟ್ಟರೆ ಏನಾಗುತ್ತದೆಂಬುದು ಹೈಸ್ಕೂಲಿನ ಪಾಠ. ಸುಮಾರು 900 ಡಿಗ್ರಿಯಲ್ಲಿ ಅದು ಒಡೆಯುತ್ತದೆ. 100 ಕಿಲೋ ಶುದ್ಧ ಸುಣ್ಣಕಲ್ಲು 56 ಕಿಲೋ ಸುಟ್ಟ ಸುಣ್ಣವಾಗುತ್ತದೆ. ಉಳಿದ 44 ಕಿಲೋ ಇಂಗಾಲದ ಡೈಆಕ್ಸೈಡಾಗಿ ಗಾಳಿ ಸೇರುತ್ತದೆ. ಊರ ಹೊರಗಿನ ಸುಣ್ಣದ ಗೂಡಾಗಲಿ, ಕಲಬುರಗಿ ಜಿಲ್ಲೆಯ ವಾಡಿ, ಸೇಡಂಗಳ ದೊಡ್ಡ ಸಿಮೆಂಟ್ ಕಾರ್ಖಾನೆಗಳಾಗಲಿ, ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರವು. ಕಲ್ಲಿದ್ದಲಿನ ಬದಲು ಸೂರ್ಯನ ಶಾಖದಿಂದಲೇ ಸುಟ್ಟರೂ ಆ 44 ಕಿಲೋ ಬಂದೇ ಬರುತ್ತದೆ. ಸಿಮೆಂಟ್ ತಯಾರಿಕೆಯಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡಿನ ಹೆಚ್ಚು ಪಾಲು ಇಂಧನದ್ದಲ್ಲ, ಕಲ್ಲಿನದೇ. ಆದ್ದರಿಂದ ಸಿಮೆಂಟಿನ ವಿಷಯದಲ್ಲಿ ಇಂಧನ ಬದಲಿಸಿ ಪಾರಾಗುವ ದಾರಿ ಇಲ್ಲ. ಬಂದ ಅನಿಲವನ್ನು ಬೇರ್ಪಡಿಸಿ ಹಿಡಿಯಬೇಕು.

ಇನ್ನೊಂದು ಅನಿಲ ನಮಗೆಲ್ಲ ಹತ್ತಿರದ್ದು. ಗೋಬರ್ ಗ್ಯಾಸಿನಲ್ಲಿ ಮೀಥೇನ್ ಶೇ. 55ರಿಂದ 65ರಷ್ಟು, ಮಿಕ್ಕದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಜೊತೆಗೆ ಆವಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಒಂದಿಷ್ಟು. ಈ ಅನಿಲದ ಮೇಲೆ ನಮ್ಮ ರಾಜ್ಯದಲ್ಲಿ ನಡೆದ ಕೆಲಸ ಹೆಮ್ಮೆಪಡುವಂಥದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಅಸ್ತ್ರ ಎಂಬ ಕೇಂದ್ರವನ್ನು ಕಟ್ಟಿದರು. ನಮ್ಮ ನೆರೆಯ ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಆ ಕೇಂದ್ರದವರು ಊರಿನ ಸಗಣಿಯನ್ನೆಲ್ಲ ಒಂದೆಡೆ ಕೂಡಿಸಿ, ಬಂದ ಅನಿಲದಿಂದ ಎಂಜಿನ್ ಓಡಿಸಿ, 1987ರ ಹೊತ್ತಿಗೆ ಮನೆಗಳಿಗೆ ದೀಪ ಮತ್ತು ಕೊಳವೆಬಾವಿಯ ನೀರು ಕೊಟ್ಟರು. ಗ್ಯಾಸ್ ತೆಗೆದ ಮೇಲೆ ಉಳಿದ ಬಗ್ಗಡ ರೈತರ ತಿಪ್ಪೆಗೇ ವಾಪಸಾಗುತ್ತಿತ್ತು. ಗೊಬ್ಬರ ಕಳೆದುಕೊಳ್ಳುತ್ತೇವೆಂಬ ಅಂಜಿಕೆ ನಮ್ಮ ರೈತರಿಗೆ ಸಹಜ. ಅದಕ್ಕೆ ಅಲ್ಲಿ ಉತ್ತರ ಸಿಕ್ಕಿತ್ತು.

ಪುರದಲ್ಲಿ ಅನಿಲವನ್ನು ಬೇರ್ಪಡಿಸಲಿಲ್ಲ, ಬೇರ್ಪಡಿಸುವ ಅಗತ್ಯವೂ ಇರಲಿಲ್ಲ. ಗುಂಡಿಯ ಪಕ್ಕದ ಒಲೆಗೆ, ಪಕ್ಕದ ಎಂಜಿನ್ನಿಗೆ, ಬೆರೆತ ಅನಿಲವೇ ಸಾಕು. ಈ ಮಾತನ್ನು ಒತ್ತಿ ಹೇಳಬೇಕು, ಏಕೆಂದರೆ ಹೊಸ ತಂತ್ರದ ಉತ್ಸಾಹದಲ್ಲಿ ಬೇಡದ ಕಡೆಯೂ ಅದನ್ನು ತುರುಕುವ ಅಭ್ಯಾಸ ನಮ್ಮದು. ಬೇರ್ಪಡಿಸಬೇಕಾಗುವುದು ಅನಿಲವನ್ನು ಸಿಲಿಂಡರಿಗೆ ತುಂಬಿ ಸಾಗಿಸುವಾಗ, ವಾಹನಕ್ಕೆ ಹಾಕುವಾಗ. ಅಲ್ಲಿ ಕನಿಷ್ಠ ಶೇ. 90ರಷ್ಟು ಮೀಥೇನ್ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಸತತ್ ಯೋಜನೆಯನ್ನು ಆರಂಭಿಸಿದ ಮೇಲೆ ಒತ್ತಡಕ್ಕೊಳಗಾದ ಈ ಜೈವಿಕ ಅನಿಲಕ್ಕೆ ಮಾರುಕಟ್ಟೆಯೂ ಹುಟ್ಟಿದೆ. ಒಂದು ಲೆಕ್ಕ ನೋಡೋಣ. 500 ದನಗಳಿರುವ ಊರು, ದನಕ್ಕೆ ದಿನಕ್ಕೆ 10 ಕಿಲೋ ಸಗಣಿ, 25 ಕಿಲೋ ಸಗಣಿಗೆ 1 ಘನ ಮೀಟರ್ ಅನಿಲ. ದಿನಕ್ಕೆ 200 ಘನ ಮೀಟರ್ ಆಯಿತು. ಅದರಲ್ಲಿನ ಮೀಥೇನ್ 120 ಘನ ಮೀಟರ್, ಅಂದರೆ ಸುಮಾರು 80 ಕಿಲೋ. ಅಡುಗೆ ಅನಿಲದ ಐದಾರು ಸಿಲಿಂಡರಿನಷ್ಟು ಶಾಖ ಅದರಲ್ಲಿದೆ, ದಿನವೂ. ಹೊಳಲ್ಕೆರೆ, ಭೀಮಸಮುದ್ರಗಳ ಕಡೆ ರಾಶಿ ಬೀಳುವ ಅಡಿಕೆ ಸಿಪ್ಪೆಯನ್ನೂ ಇದಕ್ಕೆ ಸೇರಿಸಬಹುದೇ ಎಂದು ಕೇಳುವವರಿದ್ದಾರೆ. ಸಿಪ್ಪೆಯಲ್ಲಿ ಲಿಗ್ನಿನ್ ಹೆಚ್ಚು, ಹಾಗೇ ಹಾಕಿದರೆ ಬೇಗ ಕೊಳೆಯುವುದಿಲ್ಲ. ಅದನ್ನು ಮೊದಲು ಹದಮಾಡಿಕೊಳ್ಳಬೇಕು.

ಈಗ ಎರಡನೆಯ ಮಾತಿಗೆ ಬರುತ್ತೇನೆ: ಬೇರ್ಪಡಿಸುವ ಖರ್ಚು.

ಅನಿಲಗಳು ಬೆರೆಯಲು ಯಾರ ನೆರವೂ ಬೇಡ. ಬೇರೆಯಾಗಲು ಮಾತ್ರ ನಾವು ಶಕ್ತಿ ತೆರಬೇಕು. ಎಷ್ಟು ತೆರಬೇಕೆಂಬುದನ್ನು ಉಷ್ಣಚಲನ ವಿಜ್ಞಾನ ಖಚಿತವಾಗಿ ಹೇಳುತ್ತದೆ. 60 ಪಾಲು ಮೀಥೇನ್, 40 ಪಾಲು ಇಂಗಾಲದ ಡೈಆಕ್ಸೈಡ್ ಬೆರೆತ 1 ಘನ ಮೀಟರ್ ಅನಿಲವನ್ನು ಪೂರ್ತಿ ಬಿಡಿಸಲು ಬೇಕಾದ ಕನಿಷ್ಠ ಶಕ್ತಿ ಸುಮಾರು 70 ಕಿಲೋಜೂಲ್. ವಿದ್ಯುತ್ತಿನ ಲೆಕ್ಕದಲ್ಲಿ 1 ಯೂನಿಟ್ಟಿನ ಐವತ್ತನೇ ಒಂದು ಪಾಲು. ಆದರೆ ನಿಜವಾದ ಯಂತ್ರಗಳು ತೆಗೆದುಕೊಳ್ಳುವುದು ಇದರ ಹತ್ತು ಪಟ್ಟಿಗೂ ಹೆಚ್ಚು. ಈ ಅಂತರವನ್ನು ಕಿರಿದುಮಾಡುವುದೇ ಬೇರ್ಪಡಿಕೆಯ ವಿಜ್ಞಾನದ ಕೆಲಸ. ಇದು ಸಣ್ಣ ಕೆಲಸವಲ್ಲ. ಅಮೆರಿಕ ಬಳಸುವ ಒಟ್ಟು ಶಕ್ತಿಯಲ್ಲಿ ಶೇ. 10ರಿಂದ 15ರಷ್ಟು ರಾಸಾಯನಿಕಗಳನ್ನು ಒಂದರಿಂದೊಂದು ಬೇರ್ಪಡಿಸುವುದಕ್ಕೇ ಹೋಗುತ್ತದೆಂದು ಡೇವಿಡ್ ಶೋಲ್ ಮತ್ತು ರಯಾನ್ ಲೈವ್ಲಿ 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ.

ಹಳೆಯ, ನಂಬಿಕಸ್ಥ ದಾರಿ ಅಮೀನ್ ದ್ರಾವಣದ್ದು. ಅದರ ಪೇಟೆಂಟು 1930ರದು. ಅಮೀನ್ ಬೆರೆತ ನೀರು ಇಂಗಾಲದ ಡೈಆಕ್ಸೈಡನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಿಡಿದದ್ದನ್ನು ಬಿಡಿಸಲು ಅದನ್ನು ಸುಮಾರು 120 ಡಿಗ್ರಿಗೆ ಕಾಯಿಸಬೇಕು. ಒಂದು ಟನ್ ಇಂಗಾಲದ ಡೈಆಕ್ಸೈಡಿಗೆ 3ರಿಂದ 4 ಗಿಗಾಜೂಲ್ ಶಾಖ ಬೇಕಾಗುತ್ತದೆ. ಬಾಯ್ಲರಿಲ್ಲದೆ ಆಗದ ಕೆಲಸ.

ಇನ್ನೊಂದು ದಾರಿ ಬರೀ ನೀರಿನದು. ಒತ್ತಡ ಹಾಕಿದ ಗೋಬರ್ ಗ್ಯಾಸನ್ನು ಎತ್ತರದ ಗೋಪುರದಲ್ಲಿ ಕೆಳಗಿನಿಂದ ಬಿಟ್ಟು ಮೇಲಿನಿಂದ ನೀರು ಸುರಿದರೆ, ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ಸರಳ, ಅಗ್ಗ. ಆದರೆ ಆಗ ನೋಡಿದ 500 ದನಗಳ ಊರಿನ ಲೆಕ್ಕ ಹಾಕಿ. ದಿನಕ್ಕೆ 80 ಘನ ಮೀಟರ್ ಇಂಗಾಲದ ಡೈಆಕ್ಸೈಡನ್ನು 10 ಬಾರ್ ಒತ್ತಡದಲ್ಲಿ ತೆಗೆಯಬೇಕಾದರೆ, ಎಲ್ಲವೂ ಆದರ್ಶವಾಗಿ ನಡೆದರೂ, ಗೋಪುರದಲ್ಲಿ 20 ಸಾವಿರ ಲೀಟರಿಗೂ ಹೆಚ್ಚು ನೀರು ಸುತ್ತಬೇಕು. ಅದೇ ನೀರನ್ನು ಮತ್ತೆ ಬಳಸಬಹುದು, ನಿಜ. ಆದರೂ ಆವಿಯಾಗಿ ಹೋದದ್ದನ್ನು ತುಂಬುತ್ತಿರಬೇಕು, ಪಂಪು ನಿಲ್ಲಬಾರದು, ಬೇಸಿಗೆಯಲ್ಲಿ ನೀರು ಕಾದರೆ ಕರಗುವುದೂ ಕಡಿಮೆ. ಹಿರಿಯೂರು ತಾಲೂಕು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ಪ್ರದೇಶಗಳಲ್ಲೊಂದು. 1907ರಲ್ಲಿ ಮುಗಿದ ಮಾರಿಕಣಿವೆ ಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕುಡಿಯುವ ನೀರಿಗೆ ಟ್ಯಾಂಕರು ಕಾಯುವ ಊರಿಗೆ ಹೋಗಿ, ಅನಿಲ ತೊಳೆಯಲು ನೀರು ಕೊಡಿ ಎಂದು ಕೇಳಲಾದೀತೇ? ನೀರೂ ಬೇಡದ, ಬಾಯ್ಲರೂ ಬೇಡದ ದಾರಿಯ ಮೇಲೆ ನನಗೆ ಆಸ್ಥೆ ಹುಟ್ಟಿದ್ದು ಈ ಕಾರಣಕ್ಕೆ. ಪೊರೆಗೆ ಬೇಕಾದದ್ದು ಒತ್ತಡ ಮಾತ್ರ. ಒತ್ತಡಕ್ಕೆ ಬೇಕಾದದ್ದು ವಿದ್ಯುತ್ತು. ಅದಕ್ಕೆ ನಮ್ಮಲ್ಲಿ ಗಾಳಿ ಇದೆ: ಚಿತ್ರದುರ್ಗದ ಸುತ್ತಲ ಗುಡ್ಡಗಳ ಮೇಲೆ ಸಾಲುಗಟ್ಟಿ ತಿರುಗುವ ಗಾಳಿಯಂತ್ರಗಳನ್ನು ನೀವೆಲ್ಲ ನೋಡಿದ್ದೀರಿ.

ಹೀಗೆ ಮೂರನೆಯ ಮಾತಿಗೆ, ಈ ಉಪನ್ಯಾಸದ ತಿರುಳಿಗೆ ಬಂದೆವು.

ಪೊರೆಯಿಂದ ಅನಿಲ ಬೇರ್ಪಡಿಸಬಹುದೆಂದು ಪ್ರಯೋಗದಿಂದ ತೋರಿಸಿಕೊಟ್ಟವನು ಥಾಮಸ್ ಗ್ರಹಾಂ. 1866ರಲ್ಲಿ ಅವನು ತೆಳು ರಬ್ಬರ್ ಹಾಳೆಯ ಒಂದು ಬದಿಯಲ್ಲಿ ಗಾಳಿ, ಇನ್ನೊಂದು ಬದಿಯಲ್ಲಿ ನಿರ್ವಾತ ಇಟ್ಟು, ಆಚೆ ಬಂದ ಗಾಳಿಯಲ್ಲಿ ಆಮ್ಲಜನಕ ಶೇ. 21ರಿಂದ ಶೇ. 40ರ ಮೇಲಕ್ಕೆ ಏರಿದ್ದನ್ನು ಕಂಡ. ರಬ್ಬರಿನಲ್ಲಿ ರಂಧ್ರಗಳಿಲ್ಲ, ಅನಿಲ ಮೊದಲು ರಬ್ಬರಿನಲ್ಲಿ ಕರಗುತ್ತದೆ, ಒಳಗೆ ಹರಡುತ್ತದೆ, ಆಚೆ ಬದಿಯಲ್ಲಿ ಹೊರಬರುತ್ತದೆ ಎಂದು ಅವನು ವಿವರಿಸಿದ. ಇಂದಿಗೂ ನಮ್ಮ ತಿಳಿವಳಿಕೆಯ ಬುನಾದಿ ಅದೇ. ಕಾರ್ಖಾನೆಯ ಮಟ್ಟದಲ್ಲಿ ಅನಿಲದ ಪೊರೆಗಳು ಬಂದದ್ದು ಮಾತ್ರ 1980ರಲ್ಲಿ, ಅಮೆರಿಕದ ಮೊನ್ಸಾಂಟೊ ಕಂಪನಿ ಹೈಡ್ರೋಜನ್ ಬೇರ್ಪಡಿಸಲು ಮಾಡಿದ ಟೊಳ್ಳು ನೂಲುಗಳ ಮೂಲಕ.

ಪೊರೆ ಎಂದೊಡನೆ ಜರಡಿ ನೆನಪಾಗುತ್ತದೆ: ಸಣ್ಣದು ದಾಟುತ್ತದೆ, ದೊಡ್ಡದು ಉಳಿಯುತ್ತದೆ. ಈ ಚಿತ್ರ ಅರ್ಧ ಸರಿ. ಇಂಗಾಲದ ಡೈಆಕ್ಸೈಡಿನ ಅಣುವಿನ ಅಗಲ 3.3 ಆಂಗ್‌ಸ್ಟ್ರಾಂ, ಸಾರಜನಕದ್ದು 3.64, ಮೀಥೇನಿನದು 3.8. ವ್ಯತ್ಯಾಸ ಇಷ್ಟು ಕಡಿಮೆ ಇರುವಾಗ ಅಳತೆಯೊಂದನ್ನೇ ನಂಬಿ ಜರಡಿ ಹಿಡಿಯುವುದು ಬಲು ಕಷ್ಟ. ಪೊರೆಯನ್ನು ಅನಿಲ ದಾಟುವ ಪ್ರಮಾಣ ಎರಡು ಗುಣಗಳ ಗುಣಲಬ್ಧ: ಎಷ್ಟು ಕರಗುತ್ತದೆ, ಎಷ್ಟು ಬೇಗ ಹರಡುತ್ತದೆ. ಅಯಾನಿಕ ದ್ರವಗಳ ಬಲ ಇರುವುದು ಮೊದಲನೆಯದರಲ್ಲಿ.

ಈ ದ್ರವಗಳು ಏನು? ಅಡುಗೆ ಉಪ್ಪಿನಿಂದ ಶುರುಮಾಡೋಣ. ಅದರಲ್ಲಿ ಧನ ಅಯಾನು ಸೋಡಿಯಂ, ಋಣ ಅಯಾನು ಕ್ಲೋರೈಡ್. ಎರಡೂ ಪುಟ್ಟ ಗುಂಡಗಿನ ಅಯಾನುಗಳು, ಒತ್ತೊತ್ತಾಗಿ ಸಾಲು ಕಟ್ಟಿ ಕೂತಿವೆ. ಆ ಸಾಲು ಮುರಿದು ದ್ರವವಾಗಲು 801 ಡಿಗ್ರಿ ಬೇಕು. ಕರಗುವ ಉಷ್ಣತೆಯನ್ನು ಬೆರಕೆಯಿಂದ ಇಳಿಸಬಹುದೆಂಬ ಅರಿವು ನಮ್ಮ ಜಿಲ್ಲೆಗೆ ಹಳೆಯದು. ಹೊಸದುರ್ಗ ತಾಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾದ ಊರು. ಟಿಪ್ಪುವಿನ ನಂತರದ ಮೈಸೂರನ್ನು 1800–01ರಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿನ ಗಾಜಿನ ಕುಲುಮೆಗಳನ್ನು ನೋಡಿ ವಿವರವಾಗಿ ಬರೆದಿಟ್ಟಿದ್ದಾನೆ. ಬಿಳಿ ಬೆಣಚುಕಲ್ಲನ್ನು ಪುಡಿಮಾಡಿ, ಸೌಳು ಮಣ್ಣಿನ ಸೋಡಾ ಬೆರೆಸಿ ಕಾಯಿಸುತ್ತಿದ್ದರು. ಬೆಣಚುಕಲ್ಲೊಂದನ್ನೇ ಕರಗಿಸಲು 1,700 ಡಿಗ್ರಿಯ ಆಸುಪಾಸು ಬೇಕು; ಸೌದೆಯ ಕುಲುಮೆಗೆ ಅದು ಎಟುಕದು. ಸೋಡಾ ಸೇರಿದರೆ ಕಲ್ಲಿನ ಒಳಗಿನ ಜಾಲ ಅಲ್ಲಲ್ಲಿ ತುಂಡಾಗಿ, ನೂರಾರು ಡಿಗ್ರಿ ಕೆಳಗೇ ಹರಿಯುತ್ತದೆ. ಈ ರಸಾಯನವನ್ನು ಮತ್ತೋಡಿನ ಬಳೆಗಾರರು ಕಣ್ಣಳತೆಯಲ್ಲಿ ನಡೆಸುತ್ತಿದ್ದರು. ನಮ್ಮ ಪಠ್ಯಗಳಲ್ಲಿ ಅವರಿಗೊಂದು ಸಾಲು ಇಲ್ಲದಿರುವುದು ನನಗೆ ನೋವಿನ ಸಂಗತಿ.

ಅಯಾನಿಕ ದ್ರವ ತಯಾರಿಸುವವರು ಅಯಾನುಗಳ ಸಾಲು ಕೆಡಿಸಲು ಬೇರೆ ಉಪಾಯ ಹೂಡುತ್ತಾರೆ. ಧನ ಅಯಾನನ್ನು ದೊಡ್ಡದಾಗಿ, ವಕ್ರವಾಗಿ, ಬಾಲ ಸೇರಿಸಿ ರೂಪಿಸುತ್ತಾರೆ; ಋಣ ಅಯಾನನ್ನೂ ಹಿಗ್ಗಿಸುತ್ತಾರೆ. ಎರಡೂ ಒಂದಕ್ಕೊಂದು ಹೊಂದಿ ಕೂರಲಾರದೆ, ಕೋಣೆಯ ಉಷ್ಣತೆಯಲ್ಲೂ ಹರಿಯುತ್ತವೆ. ಇಂಥ ಮೊದಲ ಲವಣಗಳಲ್ಲೊಂದನ್ನು, ಎಥಿಲ್ ಅಮೋನಿಯಂ ನೈಟ್ರೇಟನ್ನು, ಪಾಲ್ ವಾಲ್ಡನ್ 1914ರಲ್ಲಿ ವರ್ಣಿಸಿದ. ಅದು 12 ಡಿಗ್ರಿಯಲ್ಲೇ ಕರಗುತ್ತದೆ. ದಶಕಗಳ ಕಾಲ ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. 1992ರಲ್ಲಿ ವಿಲ್ಕ್ಸ್ ಮತ್ತು ಜವರೊಟ್ಕೊ ಗಾಳಿ, ತೇವಗಳಿಗೆ ಬೇಗ ಕೆಡದ ಇಮಿಡಜೋಲಿಯಂ ಲವಣಗಳನ್ನು ಮಾಡಿದ ಮೇಲೆ ಈ ಕ್ಷೇತ್ರ ಕಣ್ಣು ತೆರೆಯಿತು. ಇವುಗಳ ಇನ್ನೊಂದು ಗುಣ ನಮ್ಮ ವಿಷಯಕ್ಕೆ ಮುಖ್ಯ: ಸಾಮಾನ್ಯ ಉಷ್ಣತೆಯಲ್ಲಿ ಇವು ಬಹುತೇಕ ಆವಿಯಾಗುವುದೇ ಇಲ್ಲ. ನೀರನ್ನೋ ಅಮೀನನ್ನೋ ಪೊರೆಯಲ್ಲಿ ತುಂಬಿಟ್ಟರೆ ಅನಿಲ ಹಾಯುತ್ತಿದ್ದಂತೆ ಒಣಗಿಹೋಗುತ್ತದೆ. ಅಯಾನಿಕ ದ್ರವ ತಾನಿದ್ದಲ್ಲೇ ಇರುತ್ತದೆ.

1999ರಲ್ಲಿ ಜೋನ್ ಬ್ರೆನೆಕೆ ಮತ್ತು ಸಂಗಡಿಗರು ಒಂದು ಅಚ್ಚರಿಯ ಫಲಿತಾಂಶ ಪ್ರಕಟಿಸಿದರು. ಒತ್ತಡದ ಇಂಗಾಲದ ಡೈಆಕ್ಸೈಡ್ ಇಂಥ ದ್ರವದಲ್ಲಿ ಧಾರಾಳವಾಗಿ ಕರಗುತ್ತದೆ. ದ್ರವ ಮಾತ್ರ ಅನಿಲದೊಳಗೆ ಸ್ವಲ್ಪವೂ ಹೋಗುವುದಿಲ್ಲ. ಅಷ್ಟು ಅನಿಲ ಕುಡಿದರೂ ದ್ರವ ಹೆಚ್ಚು ಉಬ್ಬುವುದೂ ಇಲ್ಲ. ಒಳಗೆ ಎಲ್ಲಿ ಕೂರುತ್ತದೆ ಈ ಅನಿಲ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮ ಬೆಂಗಳೂರಿನವರಿದ್ದಾರೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಎಸ್. ಬಾಲಸುಬ್ರಮಣಿಯನ್ ಮತ್ತು ಅವರ ವಿದ್ಯಾರ್ಥಿಗಳು 2007–08ರ ಸುಮಾರಿಗೆ ಕಂಪ್ಯೂಟರಿನಲ್ಲಿ ಅಣು ಅಣುವಿನ ಚಲನೆಯನ್ನು ಲೆಕ್ಕಹಾಕಿ ತೋರಿಸಿದರು: ಇಂಗಾಲದ ಡೈಆಕ್ಸೈಡ್ ಮುಖ್ಯವಾಗಿ ಋಣ ಅಯಾನುಗಳ ಸುತ್ತ ನೆರೆಯುತ್ತದೆ. ಅದರ ನಡುವಿನ ಇಂಗಾಲದಲ್ಲಿ ಧನ ಅಂಶ, ಎರಡು ತುದಿಯ ಆಮ್ಲಜನಕಗಳಲ್ಲಿ ಋಣ ಅಂಶ; ಆದ್ದರಿಂದ ಅಯಾನುಗಳಿಗೆ ಅದು ಅಪರಿಚಿತವಲ್ಲ. ಮೀಥೇನಿಗೂ ಸಾರಜನಕಕ್ಕೂ ಈ ಸೆಳೆತ ಕಡಿಮೆ. ಅದೇ ಕೇಂದ್ರದಲ್ಲಿ 2022ರಿಂದ ಇಂಗಾಲವನ್ನು ಹಿಡಿದು ಬಳಸುವ ಸಂಶೋಧನೆಗೆ ರಾಷ್ಟ್ರೀಯ ಉತ್ಕೃಷ್ಟತಾ ಕೇಂದ್ರವೂ ಇದೆ. ಎಂಎಸ್ಸಿ ಮುಗಿಸುವ ವಿದ್ಯಾರ್ಥಿಗಳು ಈ ವಿಳಾಸವನ್ನು ಮನಸ್ಸಿನಲ್ಲಿಡಿ.

ದ್ರವವನ್ನು ಪೊರೆ ಮಾಡುವುದು ಹೇಗೆ? ಸರಳ ವಿಧಾನ: ಸೂಕ್ಷ್ಮ ರಂಧ್ರಗಳಿರುವ ಪ್ಲಾಸ್ಟಿಕ್ ಹಾಳೆಯನ್ನು ದ್ರವದಲ್ಲಿ ನೆನೆಸುವುದು. ರಂಧ್ರದ ಅಗಲ 0.1, 0.2 ಮೈಕ್ರಾನ್. ಅಷ್ಟು ಕಿರಿದಾದ ರಂಧ್ರದೊಳಗೆ ದ್ರವವನ್ನು ಅದರ ಮೇಲ್ಮೈ ಸೆಳೆತವೇ ಹಿಡಿದು ನಿಲ್ಲಿಸುತ್ತದೆ. ಕೊಲರಾಡೊ ವಿಶ್ವವಿದ್ಯಾಲಯದ ರಿಚರ್ಡ್ ನೋಬಲ್, ಪಾಲ್ ಸ್ಕೊವಾಟ್ಸೊ ಮೊದಲಾದವರು 2002ರಿಂದಾಚೆ ಇಂಥ ಪೊರೆಗಳನ್ನು ವ್ಯವಸ್ಥಿತವಾಗಿ ಅಳೆದರು. ಇಂಗಾಲದ ಡೈಆಕ್ಸೈಡ್ ಸಾರಜನಕಕ್ಕಿಂತ 20ರಿಂದ 60 ಪಟ್ಟು, ಮೀಥೇನಿಗಿಂತ ಸುಮಾರು 10ರಿಂದ 30 ಪಟ್ಟು ಸಲೀಸಾಗಿ ದಾಟುವುದೆಂದು ತಿಳಿಯಿತು. ಒಂದು ಅನಿಲ ಇನ್ನೊಂದಕ್ಕಿಂತ ಎಷ್ಟು ಪಟ್ಟು ಸಲೀಸಾಗಿ ದಾಟುತ್ತದೆಂಬುದನ್ನು ಆಯ್ಕೆ ಎನ್ನೋಣ. ಪ್ಲಾಸ್ಟಿಕ್ ಪೊರೆಗಳಲ್ಲಿ ವೇಗ ಹೆಚ್ಚಿದರೆ ಆಯ್ಕೆ ಕುಗ್ಗುತ್ತದೆ, ಆಯ್ಕೆ ಹೆಚ್ಚಿದರೆ ವೇಗ ಕುಗ್ಗುತ್ತದೆ. ಈ ಎಲ್ಲೆಯನ್ನು ಲಾಯ್ಡ್ ರೋಬ್ಸನ್ 1991ರಲ್ಲಿ ಒಂದು ಗೆರೆಯಾಗಿ ಎಳೆದು ತೋರಿಸಿದ್ದ, 2008ರಲ್ಲಿ ತಿದ್ದಿದ. ಕೆಲವು ಅಯಾನಿಕ ದ್ರವದ ಪೊರೆಗಳು ಆ ಗೆರೆಯ ಮೇಲೆ ಅಥವಾ ಅದರಾಚೆ ನಿಲ್ಲುತ್ತವೆ. ದ್ರವದಲ್ಲಿ ಅಣುಗಳು ಪ್ಲಾಸ್ಟಿಕ್‌ನಲ್ಲಿ ಹರಡುವುದಕ್ಕಿಂತ ಬಹಳ ಬೇಗ ಹರಡುವುದೇ ಇದರ ಕಾರಣ.

ಇಲ್ಲಿಯವರೆಗೆ ಹೊಗಳಿದ್ದಾಯಿತು. ಈಗ ನಾಲ್ಕನೆಯ ಮಾತು, ಕೊರತೆಗಳು.

ಎಲ್ಲಕ್ಕಿಂತ ದೊಡ್ಡದು ದಪ್ಪ. ನೆನೆಸಿದ ಹಾಳೆಯ ದಪ್ಪ ಸಾಮಾನ್ಯವಾಗಿ 100 ಮೈಕ್ರಾನಿನ ಆಸುಪಾಸು. ಮಾರುಕಟ್ಟೆಯಲ್ಲಿರುವ ಪಾಲಿಇಮೈಡ್ ಮೊದಲಾದ ಪೊರೆಗಳಲ್ಲಿ ಕೆಲಸ ಮಾಡುವ ಪದರ ಸುಮಾರು 0.1 ಮೈಕ್ರಾನ್. ಸಾವಿರ ಪಟ್ಟು ವ್ಯತ್ಯಾಸ. ವಸ್ತುವಿನ ಗುಣ ಎಷ್ಟೇ ಚೆನ್ನಾಗಿದ್ದರೂ ದಪ್ಪ ಹೆಚ್ಚಿದಷ್ಟೂ ದಾಟುವ ಅನಿಲ ಕಡಿಮೆ, ಬೇಕಾಗುವ ಪೊರೆಯ ವಿಸ್ತಾರ ಹೆಚ್ಚು. ಜೈವಿಕ ಅನಿಲ ಶುದ್ಧಿಯಲ್ಲಿ ಇಂದು ವ್ಯಾಪಾರಕ್ಕಿರುವ ಪೊರೆಗಳೆಲ್ಲ ಪ್ಲಾಸ್ಟಿಕ್ಕಿನವೇ ಆಗಿರುವುದಕ್ಕೆ ಇದೊಂದು ಕಾರಣ. ಎರಡನೆಯ ಕೊರತೆ, ಒತ್ತಡ ಕೆಲವು ಬಾರ್ ಮೀರಿದರೆ ದ್ರವ ರಂಧ್ರದಿಂದ ಹೊರದಬ್ಬಿಸಿಕೊಳ್ಳುತ್ತದೆ. ಗೋಬರ್ ಗ್ಯಾಸಿನಲ್ಲಿ ಯಾವಾಗಲೂ ಇರುವ ತೇವ ದ್ರವದೊಳಗೆ ಸೇರಿ ಅದರ ಸ್ನಿಗ್ಧತೆಯನ್ನೂ ಕರಗುವ ಗುಣವನ್ನೂ ಬದಲಿಸುತ್ತದೆ. ಇದರಲ್ಲೊಂದು ಅಪಾಯವೂ ಇದೆ: ಹೆಕ್ಸಾಫ್ಲೋರೊಫಾಸ್ಫೇಟ್ ಇರುವ ದ್ರವಗಳು ನೀರಿನೊಂದಿಗೆ ಕ್ರಮೇಣ ಒಡೆದು ಹೈಡ್ರೋಜನ್ ಫ್ಲೋರೈಡ್ ಬಿಡುತ್ತವೆ. ಆವಿಯಾಗುವುದಿಲ್ಲ ಎಂದ ಮಾತ್ರಕ್ಕೆ ಇವೆಲ್ಲ ಪರಿಸರಸ್ನೇಹಿ ಎಂದು ಬರೆಯುವ ವಾಡಿಕೆ ತಪ್ಪು. ಬೆಲೆಯ ಮಾತಂತೂ ಹೇಳಬೇಕಾಗಿಲ್ಲ.

ಆಯ್ಕೆ 20 ಪಟ್ಟು ಎಂದರೆ ಸಾಕಷ್ಟಾಯಿತೇ ಎಂಬುದನ್ನೂ ನೋಡಬೇಕು. ವಿದ್ಯಾರ್ಥಿಗಳು ಬರೆದುಕೊಳ್ಳಿ. ಒಳಬರುವ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ 0.4, ಮೀಥೇನ್ 0.6. ಆಚೆ ಬದಿಯ ಒತ್ತಡ ತೀರ ಕಡಿಮೆ ಎಂದಿಟ್ಟುಕೊಂಡರೆ, ಮೊದಲು ದಾಟುವ ಅನಿಲದಲ್ಲಿ ಎರಡರ ಪ್ರಮಾಣ 20 ಗುಣಿಸು 0.4, ಅಂದರೆ 8, ಮತ್ತು 0.6. ಶೇ. 93 ಇಂಗಾಲದ ಡೈಆಕ್ಸೈಡ್, ಶೇ. 7 ಮೀಥೇನ್. ಚೆನ್ನಾಗಿದೆ. ಆದರೆ ಉಳಿದ ಅನಿಲ ಶುದ್ಧವಾಗುತ್ತ ಶೇ. 90 ಮೀಥೇನ್ ಆದ ಹಂತದಲ್ಲಿ ಅದೇ ಲೆಕ್ಕ ಮಾಡಿ: 20 ಗುಣಿಸು 0.1, ಅಂದರೆ 2, ಮತ್ತು 0.9. ಈಗ ದಾಟುವುದರಲ್ಲಿ ಶೇ. 31 ಮೀಥೇನ್! ಅದನ್ನು ಹಾಗೇ ಗಾಳಿಗೆ ಬಿಟ್ಟರೆ ರೈತನಿಗೂ ನಷ್ಟ, ಭೂಮಿಗೂ ಕೇಡು. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಶಾಖ ಹಿಡಿಯುತ್ತದೆ. ಆದ್ದರಿಂದ ಎರಡು ಮೂರು ಹಂತ ಕಟ್ಟಿ, ಕೊನೆಯ ಹಂತದಲ್ಲಿ ದಾಟಿದ್ದನ್ನು ಮತ್ತೆ ಮೊದಲಿಗೆ ತಂದು ಸೇರಿಸಬೇಕಾಗುತ್ತದೆ. ಒಂದೇ ಪೊರೆಯಿಂದ ಎಲ್ಲ ಆಗುತ್ತದೆಂದು ಹೇಳಿಕೊಂಡು ಬರುವವರಿಗೆ ಈ ಲೆಕ್ಕ ಮುಂದಿಡಿ.

ಸಿಮೆಂಟಿನ ಚಿಮಣಿಗೆ ಈ ಪೊರೆಗಳು ಸದ್ಯಕ್ಕೆ ಸಲ್ಲವೆಂದು ನಾನು ಭಾವಿಸುವುದೂ ಇಂಥ ಕಾರಣಗಳಿಂದಲೇ. ಅಲ್ಲಿ ಅನಿಲ ಬಿಸಿ, ಧೂಳು ತುಂಬಿದ್ದು, ಒತ್ತಡವಿಲ್ಲದ್ದು, ಗಾತ್ರದಲ್ಲಿ ಅಗಾಧ. ಅಷ್ಟನ್ನೂ ಒತ್ತಡಕ್ಕೆ ತರುವ ಖರ್ಚು ದೊಡ್ಡದು. ಬೇಕಾಗುವ ಪೊರೆಯೂ ಎಕರೆಗಟ್ಟಲೆ. ಗೋಬರ್ ಗ್ಯಾಸನ್ನು ಹೇಗೂ ಸಿಲಿಂಡರಿಗೆ ತುಂಬಲು ಒತ್ತುತ್ತೇವೆ. ಆ ದಾರಿಯಲ್ಲೇ ಪೊರೆಯನ್ನು ಇಡಬಹುದು. ಗಾತ್ರವೂ ಕೈಗೆಟುಕುವಷ್ಟು.

ಕೊರತೆಗಳಿಗೆ ಪರಿಹಾರ ಹುಡುಕುವ ಕೆಲಸ ಹಲವೆಡೆ ನಡೆದಿದೆ. ಅಯಾನುಗಳನ್ನೇ ಸರಪಳಿಯಾಗಿ ಹೆಣೆದು ಗಟ್ಟಿ ಪೊರೆ ಮಾಡುವುದು ಒಂದು ದಾರಿ. ದ್ರವ ಹೊರದಬ್ಬಿಸಿಕೊಳ್ಳುವ ತೊಂದರೆ ತಪ್ಪುತ್ತದೆ, ವೇಗ ಮಾತ್ರ ಬಿದ್ದುಹೋಗುತ್ತದೆ. ಆ ಹೆಣಿಗೆಯೊಳಗೆ ಮತ್ತೆ ಸ್ವಲ್ಪ ಬಿಡಿ ದ್ರವ ತುಂಬಿ ಜೆಲ್ ಮಾಡಿದರೆ ಎರಡರ ನಡುವಿನ ಹದ ಸಿಗುತ್ತದೆ. ನನಗೆ ಹೆಚ್ಚು ಭರವಸೆ ಇರುವುದು ಈ ಜೆಲ್‌ಗಳಲ್ಲಿ.

ಬೆಲೆಗೂ ಒಂದು ದಾರಿ ಇದೆ. ಲೆಸ್ಟರಿನ ಆಂಡ್ರ್ಯೂ ಅಬಟ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದ ಬೆರಕೆಯನ್ನು ನಮ್ಮ ಯಾವುದೇ ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಬಹುದು. ಕೋಳಿ ಆಹಾರಕ್ಕೆ ಬೆರೆಸುವ ಕೋಲಿನ್ ಕ್ಲೋರೈಡ್ ಒಂದು ಮೋಲ್, ಯೂರಿಯಾ ಎರಡು ಮೋಲ್. ಮೊದಲನೆಯದು 302 ಡಿಗ್ರಿಯಲ್ಲಿ, ಎರಡನೆಯದು 133 ಡಿಗ್ರಿಯಲ್ಲಿ ಕರಗುವ ಬಿಳಿ ಪುಡಿಗಳು. ಎರಡನ್ನೂ ಒಣಗಿಸಿ, ಬೀಕರಿನಲ್ಲಿ ಹಾಕಿ, 80 ಡಿಗ್ರಿಯಲ್ಲಿ ಕಲಕುತ್ತ ಕೂತರೆ ಪುಡಿ ಒದ್ದೆಯಾಗುತ್ತ, ಮುದ್ದೆಯಾಗುತ್ತ, ಕೊನೆಗೆ ತಿಳಿಯಾದ ಮಂದ ದ್ರವವಾಗುತ್ತದೆ. ಒಲೆ ಆರಿಸಿದ ಮೇಲೂ ಗಟ್ಟಿಯಾಗುವುದಿಲ್ಲ. ಅದರ ಕರಗುವ ಉಷ್ಣತೆ 12 ಡಿಗ್ರಿ. ಹೊಲಕ್ಕೆ ಚೆಲ್ಲುವ ಯೂರಿಯಾಕ್ಕೆ ಬೇವಿನ ಎಣ್ಣೆ ಸವರಿರುತ್ತದೆ, ಅದು ಬೇಡ; ಪ್ರಯೋಗಾಲಯದ್ದನ್ನೇ ಬಳಸಿ. ಕಟ್ಟುನಿಟ್ಟಾಗಿ ನೋಡಿದರೆ ಇದು ಅಯಾನಿಕ ದ್ರವವಲ್ಲ, ಅದರ ಹತ್ತಿರದ ಸಂಬಂಧಿ. ಆದರೂ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಳ್ಳುತ್ತದೆ, ಆವಿಯಾಗುವುದು ಕಡಿಮೆ, ಫ್ಲೋರಿನ್ ಇಲ್ಲ, ಬೆಲೆಯೂ ಕಡಿಮೆ.

ನಮ್ಮ ಕಾಲೇಜುಗಳು ಕೈಗೆತ್ತಿಕೊಳ್ಳಬಹುದಾದ ಕೆಲಸವನ್ನು ಈಗ ಹೇಳುತ್ತೇನೆ. ಎರಡು ಉಕ್ಕಿನ ಕೋಶಗಳು, ನಡುವೆ ಪೊರೆ, ಕೆಳಗಿನ ಕೋಶಕ್ಕೆ ಒಂದು ಒತ್ತಡಮಾಪಕ, ಒಂದು ನಿರ್ವಾತ ಪಂಪು. ಮೇಲೆ ಅನಿಲ ಬಿಟ್ಟು, ಕೆಳಗೆ ಒತ್ತಡ ಏರುವುದನ್ನು ನಿಮಿಷ ನಿಮಿಷಕ್ಕೂ ಬರೆದುಕೊಳ್ಳಬೇಕು. ಅದನ್ನು ನಕ್ಷೆಯಾಗಿ ಬರೆದರೆ ಗೆರೆ ಮೊದಲು ಮಲಗಿರುತ್ತದೆ, ಆಮೇಲೆ ಏರಲು ತೊಡಗಿ ನೇರವಾಗುತ್ತದೆ. ಏರಿಕೆಯ ಓಟದಿಂದ ಪೊರೆಯ ದಾಟುವ ಗುಣ ಸಿಗುತ್ತದೆ. ಆ ನೇರ ಗೆರೆಯನ್ನು ಹಿಂದಕ್ಕೆ ಎಳೆದರೆ ಕಾಲದ ಅಕ್ಷವನ್ನು ಎಲ್ಲಿ ಮುಟ್ಟುತ್ತದೋ ಆ ವಿಳಂಬದಿಂದ ಹರಡುವ ವೇಗ ಸಿಗುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಕರಗುವ ಗುಣ. ಕಾರ್ಖಾನೆಗೆ ದೋಷವಾದ ದಪ್ಪ ಇಲ್ಲಿ ಅನುಕೂಲವಾಗುತ್ತದೆ: 1 ಮಿಲಿಮೀಟರ್ ದಪ್ಪದ ಜೆಲ್‌ನಲ್ಲಿ ಈ ವಿಳಂಬ ಕೆಲವು ನಿಮಿಷ ಇರುವುದರಿಂದ ಸಾಮಾನ್ಯ ಗಡಿಯಾರದಿಂದಲೇ ಅಳೆಯಬಹುದು.

ಶುದ್ಧ ಅನಿಲಗಳಿಂದ ಮಾಡಿದ ಅಳತೆಗಳು ಪತ್ರಿಕೆಗಳಲ್ಲಿ ಸಾವಿರಾರಿವೆ. ನಿಜವಾದ ಗೋಬರ್ ಗ್ಯಾಸನ್ನು, ಅದರ ತೇವ, ಅದರ ಹೈಡ್ರೋಜನ್ ಸಲ್ಫೈಡ್ ಸಮೇತ, ತಿಂಗಳುಗಟ್ಟಲೆ ಒಂದೇ ಪೊರೆಯ ಮೇಲೆ ಹಾಯಿಸಿ ಮಾಡಿದ ಅಳತೆಗಳು ಅಷ್ಟಿಲ್ಲ. ನಾವು ಮಾಡಬೇಕಾದದ್ದು ಅದನ್ನೇ. ಹಾಸ್ಟೆಲಿನ ಅಡುಗೆಮನೆಯ ಮುಸುರೆ, ಹತ್ತಿರದ ಡೇರಿಯ ಸಗಣಿ, ಹಿರಿಯೂರಿನ ಏಪ್ರಿಲ್ ಬಿಸಿಲು, ಹೊಳಲ್ಕೆರೆಯ ಜುಲೈ ತೇವ: ಪೊರೆ ಇವೆಲ್ಲದರ ನಡುವೆ ಎಷ್ಟು ದಿನ ನಿಲ್ಲುತ್ತದೆಂದು ಪ್ರತಿ ವಾರ ಬರೆದಿಡುವ ಒಂದು ದಫ್ತರು ಬೇಕು. ಒಂದು ತಂಡದ ವಿದ್ಯಾರ್ಥಿಗಳು ಪದವಿ ಮುಗಿಸಿ ಹೋದರೆ ಮುಂದಿನ ತಂಡ ಅದೇ ದಫ್ತರನ್ನು ಮುಂದುವರಿಸಬೇಕು. ಇದೇ ಜಿಲ್ಲೆಯ ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅಲ್ಲಿ ವಿಜ್ಞಾನ ಅಧ್ಯಾಪಕರಿಗೆ ತರಬೇತಿ ನಡೆಯುತ್ತದೆ. ಕೋಶ ಕಟ್ಟುವ, ಮಾಪಕ ಸರಿಹೊಂದಿಸುವ ಕೌಶಲವನ್ನು ಅಲ್ಲಿಂದ ಕೇಳಿ ಪಡೆಯಬಹುದು.

ಹೈಡ್ರೋಜನ್ ಸಲ್ಫೈಡಿನ ಬಗ್ಗೆ ಒಂದು ಎಚ್ಚರಿಕೆ ಹೇಳಿ ನಿಲ್ಲಿಸುತ್ತೇನೆ. ಅದು ವಿಷ, ಪ್ರಮಾಣ ಹೆಚ್ಚಾದರೆ ಮೂಗು ವಾಸನೆ ಹಿಡಿಯುವುದನ್ನೇ ಬಿಡುತ್ತದೆ, ಆದ್ದರಿಂದ ಮೂಗನ್ನು ನಂಬಬೇಡಿ. ಅನಿಲವನ್ನು ಕೋಶಕ್ಕೆ ಬಿಡುವ ಮೊದಲು ತುಕ್ಕು ಹಿಡಿದ ಕಬ್ಬಿಣದ ಚೂರು ತುಂಬಿದ ಕೊಳವೆಯ ಮೂಲಕ ಹಾಯಿಸಿ. ಗಂಧಕ ಬಹುಪಾಲು ಅಲ್ಲೇ ಉಳಿಯುತ್ತದೆ. ಪ್ರಯೋಗವನ್ನು ತೆರೆದ ಕಿಟಕಿಯ ಕೋಣೆಯಲ್ಲಿ ಮಾಡಿ, ಒಬ್ಬರೇ ಇದ್ದಾಗ ಮಾಡಬೇಡಿ.